ಔಟ್‌ಬೋರ್ಡ್ ಎಂಜಿನ್: ದಡ ಬಿಡುವಾಗ, ದಡ ಸೇರುವಾಗ

ನೀರಿನ ನಡುವೆ ಇದ್ದಾಗ ದೋಣಿಯಲ್ಲಿ ಎಲ್ಲರಿಗೂ ಎಚ್ಚರ ಇರುತ್ತದೆ. ಗಾಳಿ ನೋಡುತ್ತಾರೆ, ಅಲೆ ನೋಡುತ್ತಾರೆ, ಬದಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ದಡದ ಹತ್ತಿರ ಆ ಎಚ್ಚರ ಇರುವುದಿಲ್ಲ. ಒಬ್ಬರು ದೋಣಿ ಹತ್ತುತ್ತಿರುತ್ತಾರೆ, ಇನ್ನೊಬ್ಬರು ಬುತ್ತಿ ಕೊಡುತ್ತಿರುತ್ತಾರೆ, ಮಕ್ಕಳು ಮೊಣಕಾಲುದ್ದ ನೀರಲ್ಲಿ ಆಡುತ್ತಿರುತ್ತಾರೆ. ಎಂಜಿನ್ ಶುರು ಮಾಡುವುದು ಅಲ್ಲೇ, ನಿಲ್ಲಿಸುವುದೂ ಅಲ್ಲೇ. ಹೇಮಾವತಿ ಹಿನ್ನೀರಿನಲ್ಲಿ ನಾನು ಕಣ್ಣಾರೆ ಕಂಡ ಅವಘಡಗಳು ಹೆಚ್ಚುಕಮ್ಮಿ ಎಲ್ಲವೂ ದಡದಿಂದ 50 ಮೀಟರ್ ಒಳಗೇ ಆದವು.

ಅದರಲ್ಲಿ ಒಂದು ನಮ್ಮದೇ ದೋಣಿಯದ್ದು. ಆಗ ನಮ್ಮಲ್ಲಿದ್ದದ್ದು ಕರಾವಳಿಯಿಂದ ತಂದ ಹಳೆಯ ಎಂಜಿನ್. ಗೇರ್‌ನಲ್ಲಿದ್ದರೂ ಅದು ಶುರುವಾಗುತ್ತಿತ್ತು. ನನ್ನ ಭಾವಮೈದ ಎದ್ದು ನಿಂತು ಹಗ್ಗ ಎಳೆದ. ಗೇರ್ ಮುಂದಕ್ಕೆ ಬಿದ್ದಿತ್ತು. ಎಂಜಿನ್ ಹತ್ತಿದ ಕೂಡಲೇ ದೋಣಿ ಜಿಗಿಯಿತು, ಅವನು ಪಕ್ಕಕ್ಕೆ ನೀರಿಗೆ ಬಿದ್ದ. ದೋಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹಿಡಿಯುವವರಿಲ್ಲದ ಎಂಜಿನ್ ಒಂದು ಬದಿಗೆ ತಿರುಗಿಕೊಂಡಿತು. ದೋಣಿ ಅವನ ಸುತ್ತಲೇ ಸುತ್ತತೊಡಗಿತು. ಲೈಫ್ ಜಾಕೆಟ್ ಇದ್ದದ್ದರಿಂದ ಅವನು ತೇಲುತ್ತಿದ್ದ, ಆದರೆ ಪ್ರತಿ ಸುತ್ತಿಗೂ ನೀರೊಳಗೆ ತಿರುಗಿ ದೋಣಿ ತಳ್ಳುವ ಎಂಜಿನ್ನಿನ ಫ್ಯಾನ್ ಅವನ ಹತ್ತಿರ ಬರುತ್ತಿತ್ತು. ದಡದಲ್ಲಿ ನಿಂತ ನಾವು ಕೂಗುವುದು ಬಿಟ್ಟು ಏನೂ ಮಾಡಲು ಆಗಲಿಲ್ಲ. 3 ನಿಮಿಷ ಆಗಿರಬಹುದು. ಆಮೇಲೆ ಎಂಜಿನ್ ಕೆಮ್ಮಿ ತಾನಾಗಿ ನಿಂತಿತು. ನೋಡಿದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆಗೆದಿರಲಿಲ್ಲ. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಬರುವುದು ನಿಂತುಹೋಗಿತ್ತು. ಅವನ ಕೈಯಲ್ಲಿರಬೇಕಾದ ಕೆಂಪು ದಾರ ಎಂಜಿನ್ನಿನ ಹಿಡಿಗೇ ಸುತ್ತಿಕೊಂಡಿತ್ತು.

ಅವತ್ತಿನಿಂದ ನಮ್ಮ ದೋಣಿಯಲ್ಲಿ ಎಂಜಿನ್ ಮುಟ್ಟುವ ಕ್ರಮವೇ ಬದಲಾಯಿತು. ಆ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. 2 ಎಚ್‌ಪಿಯಿಂದ ಸುಮಾರು 25 ಎಚ್‌ಪಿವರೆಗಿನ, ದೋಣಿಯ ಹಿಂಬದಿಗೆ ಸಿಕ್ಕಿಸುವ, ಕೈಯಲ್ಲೇ ತಿರುಗಿಸುವ ಎಂಜಿನ್‌ಗಳಿಗೆ ಇದು ಸರಿಹೊಂದುತ್ತದೆ. ಯಮಹಾ, ಸುಜುಕಿ, ತೊಹಾತ್ಸು, ಮರ್ಕ್ಯುರಿ ಯಾವುದೇ ಇರಲಿ, ಮೂಲ ಒಂದೇ. ಗುಂಡಿ ಎಲ್ಲಿದೆ, ತಣ್ಣಗಿನ ಎಂಜಿನ್ ಹತ್ತಲಿ ಅಂತ ಗಾಳಿ ಕಮ್ಮಿ ಮಾಡುವ ಚೋಕ್ ಎಲ್ಲಿದೆ ಅನ್ನುವುದು ಮಾತ್ರ ಬದಲಾಗುತ್ತದೆ. ನಿಮ್ಮ ಎಂಜಿನ್ ಜೊತೆ ಬಂದ ಪುಸ್ತಕ ಏನಾದರೂ ಬೇರೆ ಹೇಳಿದರೆ ಅದನ್ನೇ ನಂಬಿ.

ಮೊದಲು ಆ ಕೆಂಪು ದಾರ

ಸ್ಪ್ರಿಂಗ್ ತರಹ ಸುರುಳಿ ಇರುವ ಕೆಂಪು ದಾರ. ಒಂದು ತುದಿಯಲ್ಲಿ ಪ್ಲಾಸ್ಟಿಕ್ ಕ್ಲಿಪ್, ಇನ್ನೊಂದು ತುದಿಯಲ್ಲಿ ಕೊಕ್ಕೆ ಅಥವಾ ಕೈಪಟ್ಟಿ. ಕ್ಲಿಪ್ ಎಂಜಿನ್ನಿನ ಸ್ಟಾಪ್ ಸ್ವಿಚ್ಚಿಗೆ ಹೋಗುತ್ತದೆ, ಇನ್ನೊಂದು ತುದಿ ನಿಮ್ಮ ಮೈಗೆ. ನೀವು ಬಿದ್ದರೆ ಕ್ಲಿಪ್ ಕಿತ್ತು ಬರುತ್ತದೆ, ಪೆಟ್ರೋಲ್ ಹೊತ್ತಿಸುವ ಪ್ಲಗ್ಗಿಗೆ ಕಿಡಿ ಹೋಗುವುದು ತಪ್ಪುತ್ತದೆ, ಎಂಜಿನ್ ನಿಲ್ಲುತ್ತದೆ. ಇಷ್ಟೇ ಅದರ ಕೆಲಸ. ಇದನ್ನು ಕಿಲ್ ಸ್ವಿಚ್ ಅನ್ನುತ್ತಾರೆ.

ಮಣಿಕಟ್ಟಿಗೆ ಹಾಕಬಹುದು, ಇಲ್ಲವೇ ಲೈಫ್ ಜಾಕೆಟ್ಟಿನ ಗಟ್ಟಿ ಪಟ್ಟಿಗೆ ಸಿಕ್ಕಿಸಬಹುದು. ಅಂಗಿಯ ಗುಂಡಿಗೆ, ಲುಂಗಿಯ ಗಂಟಿಗೆ ಸಿಕ್ಕಿಸಬೇಡಿ. ಬಿದ್ದಾಗ ಬಟ್ಟೆ ಹರಿಯುತ್ತದೆ, ಕ್ಲಿಪ್ ಅಲ್ಲೇ ಉಳಿಯುತ್ತದೆ. ದಾರ ಗೇರ್ ಹಿಡಿಗೆ ಸುತ್ತಿಕೊಳ್ಳದ ಹಾಗೆ ನೋಡಿಕೊಳ್ಳಿ. ಕ್ಲಿಪ್ ಕಳೆದುಹೋಯಿತು ಎಂದು ಅಲ್ಲಿ ತಂತಿ ಚೂರು ಸಿಕ್ಕಿಸಿ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ಕ್ಲಿಪ್ ದೋಣಿಯಲ್ಲೇ ಇರಬೇಕು, ಮತ್ತು ಅದು ಎಲ್ಲಿದೆ ಅಂತ ಜೊತೆಗಿರುವವರಿಗೆ ಗೊತ್ತಿರಬೇಕು. ಯಾಕೆ ಅಂದರೆ, ಓಡಿಸುವವನು ದಾರದ ಸಮೇತ ನೀರಿಗೆ ಬಿದ್ದರೆ ಕ್ಲಿಪ್ ಅವನ ಜೊತೆ ಹೋಗುತ್ತದೆ. ದೋಣಿಯಲ್ಲಿ ಉಳಿದವರು ಎಂಜಿನ್ ಶುರು ಮಾಡಿ ಅವನ ಹತ್ತಿರ ಹೋಗಬೇಕಾದರೆ ಎರಡನೇ ಕ್ಲಿಪ್ ಬೇಕೇ ಬೇಕು. ಗಾಳಿ ಇರುವ ದಿನ ದೋಣಿ ಎಷ್ಟು ಬೇಗ ದೂರ ಸರಿಯುತ್ತದೆ ಅಂತ ನೋಡಿದವರಿಗೆ ಇದು ಅರ್ಥವಾಗುತ್ತದೆ.

ದಡದಲ್ಲೇ ಮುಗಿಸಿಕೊಳ್ಳಬೇಕಾದ್ದು

ಎಂಜಿನ್ ದೋಣಿಯ ಹಿಂಬದಿಯ ಹಲಗೆಗೆ 2 ಕ್ಲ್ಯಾಂಪ್ ತಿರುಪುಗಳಿಂದ ಕೂತಿರುತ್ತದೆ. ಓಡುವ ಅದುರಿಗೆ ಅವು ಸಡಿಲವಾಗುತ್ತವೆ. ಪ್ರತಿದಿನ ಕೈಯಿಂದ ಬಿಗಿ ಮಾಡಿ. ಜೊತೆಗೆ ಒಂದು ಸರಪಳಿಯನ್ನೋ ಗಟ್ಟಿ ಹಗ್ಗವನ್ನೋ ಎಂಜಿನ್‌ನಿಂದ ದೋಣಿಗೆ ಕಟ್ಟಿ. ಕ್ಲ್ಯಾಂಪ್ ಬಿಟ್ಟುಕೊಂಡರೂ ಎಂಜಿನ್ ನೀರಿನ ತಳ ಸೇರುವುದಿಲ್ಲ.

ಎಂಜಿನ್ ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದು ಮುಖ್ಯ. ಫ್ಯಾನಿನ ಮೇಲೆ ಅಗಲವಾದ ಒಂದು ತಟ್ಟೆ ಇರುತ್ತದಲ್ಲ, ಅದು ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಇಂಚು ಕೆಳಗೆ ಬರಬೇಕು. ಮೇಲಿದ್ದರೆ ಫ್ಯಾನ್ ಗಾಳಿ ಎಳೆದು ಸುಮ್ನೆ ಕಿರುಚುತ್ತದೆ, ನೀರೂ ಒಳಗೆ ಹೋಗುವುದಿಲ್ಲ. ಜಾಸ್ತಿ ಕೆಳಗಿದ್ದರೆ ದೋಣಿ ಎಳೆಯುವುದಿಲ್ಲ. ಎಂಜಿನ್‌ಗಳಲ್ಲಿ ನೀರಿಗಿಳಿಯುವ ಕಾಲು ಗಿಡ್ಡ, ಕಾಲು ಉದ್ದ ಅಂತ ಮುಖ್ಯವಾಗಿ ಎರಡು ಬಗೆ ಇದೆ. ಗಿಡ್ಡದ್ದು 15 ಇಂಚು ಎತ್ತರದ ಹಲಗೆಗೆ, ಉದ್ದದ್ದು 20 ಇಂಚು ಎತ್ತರದ ಹಲಗೆಗೆ. ಹಳೆಯ ಎಂಜಿನ್ ಕೊಳ್ಳುವಾಗ ಮೊದಲು ಟೇಪ್ ಹಿಡಿದು ನಿಮ್ಮ ಹಲಗೆ ಅಳೆಯಿರಿ.

ಕರಾವಳಿಯಿಂದ ತಂದ ಎಂಜಿನ್ ಆದರೆ ಇನ್ನೊಂದು ಮಾತು ಕೇಳಿ ತಿಳಿದುಕೊಳ್ಳಿ. ಅಲ್ಲಿ ಸೀಮೆಎಣ್ಣೆಗೆ ಓಡುವ ಎಂಜಿನ್‌ಗಳೂ ಇವೆ. ಯಾವುದಕ್ಕೆ ಓಡುತ್ತಿತ್ತು ಅಂತ ತಿಳಿಯದೆ ಪೆಟ್ರೋಲ್ ಹಾಕಬೇಡಿ. ಉಪ್ಪು ನೀರು ತಿಂದ ತಿರುಪುಗಳನ್ನು ಒಂದೊಂದೇ ನೋಡಿ.

ಫ್ಯಾನಿಗೆ ಬಲೆಯ ದಾರ, ಪ್ಲಾಸ್ಟಿಕ್ ಚೀಲ ಸುತ್ತಿದೆಯಾ ನೋಡುವಾಗ ಕ್ಲಿಪ್ ಕಿತ್ತಿಟ್ಟುಕೊಂಡೇ ಕೈ ಹಾಕಿ. ಕೈಯಿಂದ ಫ್ಯಾನ್ ತಿರುಗಿಸಿದರೂ ಕೆಲವೊಮ್ಮೆ ಎಂಜಿನ್ ಹತ್ತುವುದುಂಟು.

ಲೈಫ್ ಜಾಕೆಟ್ ದೋಣಿ ಹತ್ತುವ ಮೊದಲೇ ಹಾಕಿಕೊಳ್ಳಬೇಕು, ಪಟ್ಟಿ ಎಲ್ಲಾ ಕಟ್ಟಿ. ಜೊತೆಗೆ ಎರಡು ಹುಟ್ಟು, ನೀರು ಎತ್ತಿಹಾಕಲು ಒಂದು ಡಬ್ಬ, ಚಾಕು, ಪ್ಲಗ್ ಸ್ಪ್ಯಾನರ್, ಒಂದು ಹೊಸ ಪ್ಲಗ್, ಪ್ಲೈಯರ್. ಸಣ್ಣ ಎಂಜಿನ್‌ಗಳಲ್ಲಿ ಫ್ಯಾನ್ ಒಂದು ಸಣ್ಣ ಪಿನ್ನಿನ ಮೇಲೆ ನಿಂತಿರುತ್ತದೆ. ಬೊಡ್ಡೆಗೆ ಬಡಿದರೆ ಗೇರ್ ಉಳಿಯಲಿ ಅಂತ ಆ ಪಿನ್ ಮುರಿಯುತ್ತದೆ. ನಿಮ್ಮದು ಆ ಬಗೆಯಾದರೆ ಇನ್ನೆರಡು ಪಿನ್ ಜೇಬಲ್ಲಿರಲಿ. ನಮ್ಮ ಹಿನ್ನೀರಿನಲ್ಲಿ ಬೊಡ್ಡೆಗಳಿಗೆ ಬರ ಇಲ್ಲ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗಿದ್ದು ಬರೀ ಗದ್ದೆಯಲ್ಲ. ಮರ, ಕಟ್ಟೆ, ಗೋಡೆ, ಬಾವಿ ಎಲ್ಲಾ ಒಳಗಿವೆ. ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವುದನ್ನು ಎಲ್ಲರೂ ನೋಡಿದ್ದಾರೆ, ಅಲ್ವಾ? ನೀರಿನ ಮೇಲೆ ಕಾಣದೆ ಅದರ ಹಾಗೆ ನಿಂತಿರುವುದು ಇನ್ನೂ ಎಷ್ಟೋ ಇವೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸ್ವಂತ ಎಂಜಿನ್ ಇದೆ ಅಂತ ಯಾವ ಜಲಾಶಯಕ್ಕೂ ಇಳಿಯಲು ಬರುವುದಿಲ್ಲ. ಹೇಮಾವತಿ ಜಲಾಶಯ ಕಾವೇರಿ ನೀರಾವರಿ ನಿಗಮದ್ದು. ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೆ ಹುಲಿ ಸಂರಕ್ಷಿತ ಅರಣ್ಯ ತಾಗಿಕೊಂಡಿದೆ. ಮೊದಲು ಅನುಮತಿ ಪಡೆಯಿರಿ. 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಎಂಜಿನ್ ಹಾಕಿದ ದೋಣಿಗೆ ನೋಂದಣಿಯೂ ಬೇಕು.

ಪೆಟ್ರೋಲ್

ಎಂಜಿನ್ ಹತ್ತಲಿಲ್ಲ ಅಂತ ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನರ ತೊಂದರೆ ಪೆಟ್ರೋಲ್‌ನಲ್ಲೇ ಇರುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಸೇರಿರುತ್ತದೆ. ಎಥೆನಾಲ್‌ಗೆ ಗಾಳಿಯ ತೇವ ಹೀರುವ ಗುಣ ಇದೆ. ತೇವ ಜಾಸ್ತಿಯಾದಾಗ ಎಥೆನಾಲೂ ನೀರೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್‌ಗೆ ಹೋಗುವ ಪೈಪ್ ಎಳೆಯುವುದು ಆ ತಳದಿಂದಲೇ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದ ಗಾಳಿಯಲ್ಲಿ ಅರ್ಧ ಖಾಲಿ ಟ್ಯಾಂಕ್ ತಿಂಗಳುಗಟ್ಟಲೆ ಇಟ್ಟರೆ ಏನಾಗುತ್ತದೆ ಯೋಚಿಸಿ. ಬೇಕಾದಷ್ಟೇ ತನ್ನಿ. ಒಂದು ತಿಂಗಳೊಳಗೆ ಮುಗಿಸಿ. ಹಳೆಯ ರಬ್ಬರ್ ಪೈಪು ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ಟು ಸ್ಟ್ರೋಕ್ ಎಂಜಿನ್ ಆದರೆ ಪೆಟ್ರೋಲ್‌ಗೆ ಆಯಿಲ್ ಬೆರೆಸಬೇಕು. ಹೆಚ್ಚಿನವಕ್ಕೆ 50ಕ್ಕೆ 1ರ ಲೆಕ್ಕ. ಅಂದರೆ 1 ಲೀಟರ್‌ಗೆ 20 ಮಿಲಿ, 5 ಲೀಟರ್‌ಗೆ 100 ಮಿಲಿ. ಹಳೆಯ ಎಂಜಿನ್‌ಗಳಿಗೆ ಬೇರೆ ಲೆಕ್ಕ ಇರಬಹುದು, ಟ್ಯಾಂಕಿನ ಮೇಲೋ ಪುಸ್ತಕದಲ್ಲೋ ಬರೆದಿರುತ್ತದೆ. ಬೈಕಿನ 2ಟಿ ಆಯಿಲ್ ಹಾಕಬೇಡಿ. ನೀರಿನಿಂದ ತಣ್ಣಗಾಗುವ ಎಂಜಿನ್‌ಗೆ ಬೇರೆಯದೇ ಆಯಿಲ್ ಇದೆ, ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದಿರುತ್ತದೆ. ಫೋರ್ ಸ್ಟ್ರೋಕ್‌ಗೆ ಬೆರೆಸುವ ಕೆಲಸ ಇಲ್ಲ. ಎಂಜಿನ್ ನೇರವಾಗಿ ನಿಲ್ಲಿಸಿ ಕಡ್ಡಿ ಎಳೆದು ಆಯಿಲ್ ಮಟ್ಟ ನೋಡಿದರೆ ಸಾಕು.

ಟ್ಯಾಂಕ್ ತುಂಬುವುದು ದೋಣಿಯ ಹೊರಗೆ, ನೆಲದ ಮೇಲೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ದೋಣಿಯೊಳಗೆ ತುಂಬಿದರೆ ಅದು ತಳದಲ್ಲಿ, ಹಲಗೆಗಳ ಕೆಳಗೆ, ಕಣ್ಣಿಗೆ ಕಾಣದೆ ಕೂತಿರುತ್ತದೆ. ಒಂದು ಕಿಡಿ ಸಾಕು. ಬೀಡಿ, ಸಿಗರೇಟು ಆ ಜಾಗದಿಂದ ದೂರ ಇರಲಿ. ಬಾಯಿವರೆಗೂ ತುಂಬಬೇಡಿ, ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ. ಚೆಲ್ಲಿದ್ದನ್ನು ಒರೆಸಿ, ಆ ಬಟ್ಟೆಯನ್ನು ದೋಣಿಯಲ್ಲಿ ಇಡಬೇಡಿ.

ಶುರು ಮಾಡುವ ಕ್ರಮ

ದೋಣಿ ಕನಿಷ್ಠ ಸೊಂಟದ ಮಟ್ಟದ ನೀರಿನಲ್ಲಿ ಇರಬೇಕು. ದಡದ ಕೆಸರಿನಲ್ಲಿ ಶುರು ಮಾಡಿದರೆ ಎಂಜಿನ್ ನೀರಿನ ಬದಲು ಮಣ್ಣು ಕುಡಿಯುತ್ತದೆ. ಹುಟ್ಟು ಹಾಕಿ ಸ್ವಲ್ಪ ಮುಂದೆ ಹೋಗಿ, ಆಮೇಲೆ ಶುರು ಮಾಡಿ.

1. ಎಂಜಿನ್ ಕೆಳಗಿಳಿಸಿ. ಎತ್ತಿ ನಿಲ್ಲಿಸಿದ ಲಾಕ್ ಬಿಟ್ಟಿದೆಯಾ, ತಟ್ಟೆ ನೀರೊಳಗಿದೆಯಾ ನೋಡಿ.

2. ಎಲ್ಲರನ್ನೂ ಕೂರಿಸಿ. ನಿಮ್ಮ ಬೆನ್ನ ಹಿಂದೆ, ಮೊಣಕೈ ಬೀಸುವ ಜಾಗದಲ್ಲಿ ಯಾರೂ ಇರಬಾರದು. ದೋಣಿಯ ಹಗ್ಗ ನೀರಿನಲ್ಲಿ ತೇಲುತ್ತಿದ್ದರೆ ಒಳಗೆ ಎಳೆದುಕೊಳ್ಳಿ, ಇಲ್ಲದಿದ್ದರೆ ಅದೇ ಫ್ಯಾನಿಗೆ ಸುತ್ತುತ್ತದೆ.

3. ಕೆಂಪು ದಾರ ಮೈಗೆ ಹಾಕಿಕೊಂಡು ಕ್ಲಿಪ್ ಸಿಕ್ಕಿಸಿ. ಇದು ಇಲ್ಲೇ ಆಗಬೇಕು. ಎಂಜಿನ್ ಹತ್ತಿದ ಮೇಲೆ ಹಾಕಿಕೊಳ್ಳುತ್ತೇನೆ ಅನ್ನುವುದು ನಡೆಯುವುದಿಲ್ಲ.

4. ಗೇರ್ ನ್ಯೂಟ್ರಲ್‌ಗೆ ತನ್ನಿ. ಕಣ್ಣಿಂದ ನೋಡಿದರೆ ಸಾಲದು, ಹಿಡಿಯನ್ನು ಕೈಯಿಂದ ಅಲ್ಲಾಡಿಸಿ ಖಾತ್ರಿ ಮಾಡಿಕೊಳ್ಳಿ. ಈಗಿನ ಹೆಚ್ಚಿನ ಎಂಜಿನ್‌ಗಳು ಗೇರ್‌ನಲ್ಲಿ ಶುರುವಾಗುವುದಿಲ್ಲ. ಆದರೂ ಹಾಗೆ ತಡೆಯುವ ಕೇಬಲ್ ಕೆಟ್ಟಿರಬಹುದು.

5. ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆಯಿರಿ. ಪೈಪ್ ಎರಡೂ ಕಡೆ ಸರಿಯಾಗಿ ಕೂತಿರಲಿ.

6. ಪೈಪ್ ನಡುವಿನ ರಬ್ಬರ್ ಬಲ್ಬ್ ಒತ್ತಿ. ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗೆ ಇರಬೇಕು. ಬಾಣದ ತುದಿ ಮೇಲೆ ಬರುವ ಹಾಗೆ ಹಿಡಿದು ಒತ್ತಿದರೆ ಬೇಗ ತುಂಬುತ್ತದೆ. ಬಲ್ಬ್ ಗಟ್ಟಿಯಾದಾಗ ನಿಲ್ಲಿಸಿ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಪೆಟ್ರೋಲ್ ಸೋರುತ್ತಿದೆ. ಮೂಸಿ ನೋಡಿ.

7. ಎಂಜಿನ್ ತಣ್ಣಗಿದ್ದರೆ ಚೋಕ್ ಎಳೆಯಿರಿ. ಆಗಷ್ಟೇ ಓಡಿ ನಿಂತ ಎಂಜಿನ್‌ಗೆ ಚೋಕ್ ಬೇಡ. ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇಲ್ಲದ ಇಂಜೆಕ್ಷನ್ ಎಂಜಿನ್‌ಗಳಿಗೆ ಚೋಕೇ ಇರುವುದಿಲ್ಲ.

8. ಹಿಡಿಯಲ್ಲಿ ಸ್ಟಾರ್ಟ್ ಎಂಬ ಗುರುತಿಗೆ ಆಕ್ಸಿಲರೇಟರ್ ತನ್ನಿ. ಅದಕ್ಕಿಂತ ಜಾಸ್ತಿ ಬೇಡ.

9. ಕೂತುಕೊಂಡೋ ಮಂಡಿಯೂರಿಯೋ ಹಗ್ಗದ ಹಿಡಿ ಹಿಡಿಯಿರಿ. ಮೊದಲು ನಿಧಾನವಾಗಿ ಎಳೆಯಿರಿ. ಒಳಗೆ ಹಲ್ಲು ಕಚ್ಚಿದ ಹಾಗೆ ಬಿಗಿ ಸಿಗುತ್ತದೆ. ಅಲ್ಲಿಂದ ಒಂದೇ ಸಲಕ್ಕೆ ಜೋರಾಗಿ ನೇರವಾಗಿ ಎಳೆಯಿರಿ. ಹಗ್ಗದ ಕೊನೆ ಮುಟ್ಟುವವರೆಗೂ ಎಳೆಯಬೇಡಿ. ಎಳೆದ ಮೇಲೆ ಹಿಡಿಯನ್ನು ಪಟ್ಟನೆ ಬಿಡದೆ ಕೈಯಿಂದಲೇ ಒಳಗೆ ಕಳಿಸಿ.

ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಎಳೆಯುವ ಅಭ್ಯಾಸ ಕೆಲವರಿಗಿದೆ. ಎಂಜಿನ್ ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತದೆ. ಆಗ ಬೆರಳು, ಮಣಿಕಟ್ಟು ಮುರಿಯುವುದು ಖಂಡಿತ. ಹಿಡಿಯನ್ನು ಬೆರಳುಗಳಲ್ಲಿ ಹಿಡಿದರೆ ಒದ್ದಾಗ ಅದು ಜಾರಿಹೋಗುತ್ತದೆ, ಅಷ್ಟೇ.

ಕೀಲಿ ಇರುವ ಎಂಜಿನ್ ಆದರೆ ಒಂದು ಸಲಕ್ಕೆ 5 ಸೆಕೆಂಡ್‌ಗಿಂತ ಹೆಚ್ಚು ತಿರುಗಿಸಬೇಡಿ. ಹತ್ತದಿದ್ದರೆ ಸ್ವಲ್ಪ ಬಿಟ್ಟು ಮತ್ತೆ. ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಬೇಡಿ, ಚಾರ್ಜಿಂಗ್ ಭಾಗ ಸುಟ್ಟುಹೋಗುತ್ತದೆ.

ಎಂಜಿನ್ ಹತ್ತಿದ ಮೇಲೆ ಚೋಕ್ ನಿಧಾನವಾಗಿ ಒಳಗೆ ತಳ್ಳಿ. ಡಿಸೆಂಬರ್ ಮುಂಜಾನೆ ಹಾಸನದ ಚಳಿ ಗೊತ್ತೇ ಇದೆ, ಇದನ್ನು ಬಡವರ ಊಟಿ ಅನ್ನುವುದು ಸುಮ್ನೆ ಅಲ್ಲ. ಆಗ 2, 3 ಸಲ ಎಳೆಯಬೇಕಾಗಬಹುದು. ಆದರೆ ಚೋಕ್ ಜಾಸ್ತಿ ಹೊತ್ತು ಬಿಡಬೇಡಿ, ಅದಕ್ಕೆ ನಮ್ಮ ಎತ್ತರವೂ ಕಾರಣ. ಹೇಮಾವತಿ ಜಲಾಶಯದ ತುಂಬಿದ ಮಟ್ಟ 2,922 ಅಡಿ, ಅಂದರೆ ಸಮುದ್ರಕ್ಕಿಂತ ಸುಮಾರು 890 ಮೀಟರ್ ಮೇಲೆ. ಇಲ್ಲಿ ಗಾಳಿ ಸ್ವಲ್ಪ ತೆಳು. ಸಮುದ್ರ ಮಟ್ಟಕ್ಕೆ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ ಕೊಡುತ್ತದೆ, ಪ್ಲಗ್ ಬೇಗ ಕಪ್ಪಾಗುತ್ತದೆ. ಶಕ್ತಿಯೂ ಹತ್ತರಲ್ಲಿ ಒಂದು ಪಾಲಿನಷ್ಟು ಕಮ್ಮಿ. ಮಲ್ಪೆಯಲ್ಲಿ 10 ಎಚ್‌ಪಿ ಎಳೆಯುತ್ತಿದ್ದಷ್ಟು ಭಾರ ಇಲ್ಲಿ ಹೇರಬೇಡಿ.

ಹಿಂಬದಿಯ ನೀರಿನ ಧಾರೆ

ಎಂಜಿನ್ ಹತ್ತಿತು ಅಂದ ಕೂಡಲೇ ನೋಡಬೇಕಾದ್ದು ಒಂದೇ. ಎಂಜಿನ್ನಿನ ಹಿಂದೆ ಒಂದು ಸಣ್ಣ ತೂತಿನಿಂದ ನೀರಿನ ಧಾರೆ ಬರಬೇಕು. ಒಳಗೆ ರಬ್ಬರ್ ರೆಕ್ಕೆಗಳ ಒಂದು ಸಣ್ಣ ಪಂಪ್ ಇದೆ, ಇಂಪೆಲ್ಲರ್ ಅನ್ನುತ್ತಾರೆ. ಅದು ಕೆಳಗಿನ ಜಾಲರಿಯಿಂದ ನೀರು ಎಳೆದು ಎಂಜಿನ್ ಸುತ್ತ ಹರಿಸಿ ತಣ್ಣಗಿಡುತ್ತದೆ. ಆ ನೀರಿನ ಸ್ವಲ್ಪ ಭಾಗ ಈ ತೂತಿನಿಂದ ಹೊರಬರುತ್ತದೆ. 10, 15 ಸೆಕೆಂಡಿನಲ್ಲಿ ಧಾರೆ ಕಾಣದಿದ್ದರೆ ತಕ್ಷಣ ಆಫ್ ಮಾಡಿ.

ಕೆಲವೊಮ್ಮೆ ತೂತಿನಲ್ಲೇ ಕಸ ಸಿಕ್ಕಿರುತ್ತದೆ. ಎಂಜಿನ್ ಆಫ್ ಇದ್ದಾಗ ಬಲೆಯ ದಪ್ಪ ನೈಲಾನ್ ದಾರ ತೂರಿಸಿ ನೋಡಿ. ಕೆಳಗಿನ ಜಾಲರಿಗೆ ಪಾಚಿ, ಕೆಸರು, ಪ್ಲಾಸ್ಟಿಕ್ ಅಂಟಿದೆಯಾ ನೋಡಿ. ಜೂನ್, ಜುಲೈನಲ್ಲಿ ಮೂಡಿಗೆರೆ ಕಡೆಯ ಮಳೆ ನೀರು ಹೇಮಾವತಿಯಲ್ಲಿ ಕೆಂಪಗೆ ಇಳಿಯುವಾಗ ಎಲೆ, ಕಡ್ಡಿ, ಬೇರು ಎಲ್ಲಾ ಬರುತ್ತದೆ. ಆ ದಿನಗಳಲ್ಲಿ ನಾನು ಪ್ರತಿ ಅರ್ಧ ಗಂಟೆಗೊಮ್ಮೆ ಧಾರೆ ಕಡೆ ತಿರುಗಿ ನೋಡುತ್ತೇನೆ. ಎರಡೂ ಸರಿ ಇದ್ದು ನೀರು ಬರದಿದ್ದರೆ ಇಂಪೆಲ್ಲರ್ ಹೋಗಿದೆ, ಮೆಕ್ಯಾನಿಕ್ ಕೆಲಸ. ಧಾರೆ ಬದಲು ಹಬೆ ಬಂದರೆ ಎಂಜಿನ್ ಕಾದಿದೆ ಎಂದು ಅರ್ಥ. ನಿಲ್ಲಿಸಿ, ತಾನಾಗಿ ಆರಲು ಬಿಡಿ, ಮೇಲಿಂದ ತಣ್ಣೀರು ಸುರಿಯಬೇಡಿ.

ಇದೇ ಕಾರಣಕ್ಕೆ ಮನೆ ಅಂಗಳದಲ್ಲಿ ಸುಮ್ನೆ ಒಂದು ಸಲ ಶುರು ಮಾಡಿ ನೋಡೋಣ ಅನ್ನಬೇಡಿ. ನೀರಿಲ್ಲದೆ ಕೆಲವೇ ಸೆಕೆಂಡ್ ತಿರುಗಿದರೂ ಆ ರಬ್ಬರ್ ಉಜ್ಜಿ ಹಾಳಾಗುತ್ತದೆ. ನೋಡಲೇಬೇಕು ಅಂದರೆ ದೊಡ್ಡ ಡ್ರಮ್ಮಿನಲ್ಲಿ ತಟ್ಟೆ ಮುಳುಗುವಷ್ಟು ನೀರು ತುಂಬಿ, ಫ್ಯಾನ್ ಬಿಚ್ಚಿಟ್ಟು, ಬಯಲಿನಲ್ಲಿ ಶುರು ಮಾಡಿ. ಮುಚ್ಚಿದ ಕೊಟ್ಟಿಗೆಯಲ್ಲಿ ಬೇಡವೇ ಬೇಡ. ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ, ಜೀವ ತೆಗೆಯುತ್ತದೆ.

ಧಾರೆ ಸರಿ ಇದೆ ಅಂದಮೇಲೆ 3ರಿಂದ 5 ನಿಮಿಷ ನ್ಯೂಟ್ರಲ್‌ನಲ್ಲೇ ಬಿಡಿ. ಈ ಹೊತ್ತಿನಲ್ಲಿ ನಾನು ದಿನಕ್ಕೊಮ್ಮೆ ಕೆಂಪು ದಾರ ಎಳೆದು ನೋಡುತ್ತೇನೆ. ಎಂಜಿನ್ ಥಟ್ಟನೆ ನಿಲ್ಲಬೇಕು. ನಿಲ್ಲದಿದ್ದರೆ ಅವತ್ತು ದೋಣಿ ಹೊರಡುವುದಿಲ್ಲ.

ಹತ್ತದಿದ್ದರೆ

ಸಿಟ್ಟಿನಲ್ಲಿ 20 ಸಲ ಎಳೆಯಬೇಡಿ. ನಮ್ಮ ಊರಿನ ಹಿರಿಯರೊಬ್ಬರು, ಹೇಮಾವತಿಯಲ್ಲಿ ತೆಪ್ಪ ಹಾಕುತ್ತಿದ್ದವರು, ನಾನು ಹೀಗೆ ಹಗ್ಗದ ಜೊತೆ ಗುದ್ದಾಡುವುದನ್ನು ನೋಡಿ, "ಅದಕ್ಕೇನು ಬೇಕು ಅಂತ ಕೇಳಪ್ಪ, ಹಂಗೆ ಎಳೆದಾಡಬ್ಯಾಡ" ಅಂದಿದ್ದರು. ನಿಜವಾಗಿ ಕೇಳಬೇಕಾದ್ದು ಮೂರು. ಕಿಲ್ ಸ್ವಿಚ್ ಕ್ಲಿಪ್ ಕೂತಿದೆಯಾ? ಪೆಟ್ರೋಲ್ ಬರುತ್ತಿದೆಯಾ? ಕಿಡಿ ಇದೆಯಾ? ಎಷ್ಟೋ ಸಲ ಮೊದಲನೆಯದರಲ್ಲೇ ತೊಂದರೆ ಮುಗಿಯುತ್ತದೆ.

ಪೆಟ್ರೋಲ್ ವಾಸನೆ ಜೋರಾಗಿದ್ದರೆ ಒಳಗೆ ತುಂಬಿಕೊಂಡಿದೆ. ಚೋಕ್ ಒಳಗೆ ತಳ್ಳಿ, 10 ನಿಮಿಷ ಸುಮ್ಮನೆ ಕೂತಿರಿ. ಆಮೇಲೆ ಚೋಕ್ ಇಲ್ಲದೆ ಎಳೆಯಿರಿ. ಆಗಲೂ ಆಗದಿದ್ದರೆ ಪ್ಲಗ್ ಬಿಚ್ಚಿ ಒರೆಸಿ ಒಣಗಿಸಿ, ಇಲ್ಲವೇ ಹೊಸದು ಹಾಕಿ. ಆವಿ ತುಂಬಿದ ದೋಣಿಯಲ್ಲಿ ಪ್ಲಗ್ ಹೊರಗಿಟ್ಟು ಕಿಡಿ ನೋಡುವ ಪರೀಕ್ಷೆ ಬೇಡ, ಅದನ್ನು ದಡದಲ್ಲಿ ಮೆಕ್ಯಾನಿಕ್ ಮಾಡಲಿ.

ಮೇಲಿನ ಮುಚ್ಚಳ ತೆಗೆದು, ತಿರುಗುವ ಚಕ್ರಕ್ಕೆ ಹಗ್ಗ ಸುತ್ತಿ ಶುರು ಮಾಡುವ ತುರ್ತು ದಾರಿಯೊಂದಿದೆ. ಎಳೆಯುವ ಹಗ್ಗ ತುಂಡಾದಾಗ ಮಾತ್ರ ಅದು. ತೆರೆದ ಚಕ್ರಕ್ಕೆ ಟವೆಲ್, ದುಪಟ್ಟಾ, ಉದ್ದ ಕೂದಲು, ಬಳೆ ಸಿಕ್ಕಿದರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಆ ದಾರಿಯಲ್ಲಿ ಗೇರ್ ತಡೆಯೂ ಕೆಲಸ ಮಾಡುವುದಿಲ್ಲ, ನ್ಯೂಟ್ರಲ್ ಇದೆಯಾ ಅಂತ ನೀವೇ ನೋಡಬೇಕು. ದಡ ಹತ್ತಿರ ಇದ್ದರೆ ಹುಟ್ಟು ಹಾಕುವುದೇ ಒಳ್ಳೆಯದು.

ಗೇರ್

ಆಕ್ಸಿಲರೇಟರ್ ಪೂರ್ತಿ ಇಳಿಸಿ, ಎಂಜಿನ್ ಮೆಲ್ಲಗೆ ಗುನುಗುವಾಗ ಮಾತ್ರ ಗೇರ್ ಹಾಕಿ. ಹಾಕುವಾಗ ಒಂದೇ ಸಲಕ್ಕೆ ಗಟ್ಟಿಯಾಗಿ ತಳ್ಳಿ. ನಾಜೂಕಾಗಿ ಸರಿಸಿದರೆ ಹಲ್ಲುಗಳು ಒಂದರ ಮೇಲೊಂದು ಉಜ್ಜಿ ಸವೆಯುತ್ತವೆ. ಮುಂದಿನಿಂದ ಹಿಂದಕ್ಕೆ ಬದಲಾಯಿಸುವಾಗ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ನಿಲ್ಲಿ. ಹಿಂದಕ್ಕೆ ಹೋಗುವಾಗ ಜೋರು ಕೊಟ್ಟರೆ ಹಿಂಬದಿಯ ಹಲಗೆ ದಾಟಿ ನೀರು ಒಳಗೆ ಬರುತ್ತದೆ.

ನಿಲ್ಲಿಸುವುದು

ದಡ ಕಂಡಾಗ ವೇಗವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಜೋರಾಗಿ ಹೋಗುತ್ತಿದ್ದ ದೋಣಿ ತಟ್ಟನೆ ನಿಧಾನವಾದರೆ ಅದು ಎಬ್ಬಿಸಿದ ಅಲೆಯೇ ಹಿಂದಿನಿಂದ ಬಂದು ಹಲಗೆ ಹತ್ತುತ್ತದೆ. ಹಿಂಬದಿ ತಗ್ಗಾಗಿರುವ ಫೈಬರ್ ದೋಣಿಗಳು ಹೀಗೇ ನೀರು ತುಂಬಿಕೊಳ್ಳುತ್ತವೆ. ಪಕ್ಕದಲ್ಲಿ ತೆಪ್ಪದಲ್ಲಿ ಕೂತು ಬಲೆ ಬಿಡಿಸುವವರಿಗೂ ನಿಮ್ಮ ಅಲೆ ಅಪಾಯ. ಅವರು ಕಂಡಷ್ಟು ದೂರದಿಂದಲೇ ನಿಧಾನ ಮಾಡಿ. ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರಿಳಿದಾಗ ಎದ್ದುಬರುವ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಬರೀ ನೆಲದಲ್ಲೇ ಮೊಟ್ಟೆ ಇಡುತ್ತವೆ. ಅಂಥ ಕಡೆ ಅಂಚಿಗೆ ಅಲೆ ಹೊಡೆಯುವ ವೇಗದಲ್ಲಿ ಹೋಗಲೇಬಾರದು.

ಆದಷ್ಟು ಗಾಳಿಗೆ ಎದುರಾಗಿ ದಡ ಸೇರಿ, ಆಗ ಗಾಳಿಯೇ ದೋಣಿಯನ್ನು ತಡೆಯುತ್ತದೆ. ಆಷಾಢದ ಗಾಳಿಯಲ್ಲಿ ಬೆನ್ನಿಗೆ ಗಾಳಿ ಇಟ್ಟುಕೊಂಡು ಬಂದರೆ ನ್ಯೂಟ್ರಲ್ ಮಾಡಿದ ಮೇಲೂ ದೋಣಿ ನುಗ್ಗುತ್ತಲೇ ಇರುತ್ತದೆ.

ದಡದಿಂದ 15, 20 ಮೀಟರ್ ಇರುವಾಗಲೇ ನ್ಯೂಟ್ರಲ್‌ಗೆ ತನ್ನಿ. ಅಲ್ಲಿಯೇ ಎಂಜಿನ್ 1, 2 ನಿಮಿಷ ಗುನುಗಲಿ. ಜೋರಾಗಿ ಓಡಿದ ಎಂಜಿನ್ನಿನ ಬಿಸಿ ಆ ಹೊತ್ತಿನಲ್ಲಿ ಹರಿಯುವ ನೀರಿಗೆ ಹೋಗುತ್ತದೆ. ಆಮೇಲೆ ಸ್ಟಾಪ್ ಗುಂಡಿ ಒತ್ತಿ, ಎಂಜಿನ್ ಪೂರ್ತಿ ನಿಲ್ಲುವವರೆಗೂ ಒತ್ತಿ ಹಿಡಿಯಿರಿ. ಬೇಗ ಬಿಟ್ಟರೆ ಕೆಲವೊಮ್ಮೆ ಮತ್ತೆ ಹಿಡಿದುಕೊಳ್ಳುತ್ತದೆ. ನಿಂತ ಮೇಲೆ ಕ್ಲಿಪ್ ತೆಗೆಯಿರಿ, ಎಂಜಿನ್ ಮೇಲಕ್ಕೆ ಎತ್ತಿ ಲಾಕ್ ಮಾಡಿ, ಉಳಿದ ದೂರ ಹುಟ್ಟಿನಲ್ಲಿ ಹೋಗಿ. ಬೇಸಿಗೆಯಲ್ಲಿ ನೀರು ದಿನಾ ಇಳಿಯುವುದರಿಂದ ನಿನ್ನೆ ಇದ್ದ ಆಳ ಇವತ್ತು ಇರುವುದಿಲ್ಲ.

ದಡದ ಹತ್ತಿರ ಯಾರಾದರೂ ಈಜುತ್ತಿದ್ದರೆ, ನೀರಿನಿಂದ ಯಾರನ್ನಾದರೂ ದೋಣಿಗೆ ಹತ್ತಿಸಿಕೊಳ್ಳಬೇಕಾದರೆ, ಎಂಜಿನ್ ಪೂರ್ತಿ ಆಫ್ ಆಗಿರಬೇಕು. ನ್ಯೂಟ್ರಲ್ ಸಾಲದು. ತಣ್ಣನೆಯ ಗೇರ್ ಆಯಿಲ್‌ಗೆ ನ್ಯೂಟ್ರಲ್‌ನಲ್ಲೂ ಫ್ಯಾನ್ ಮೆಲ್ಲಗೆ ತಿರುಗುವುದುಂಟು, ಯಾರದೋ ಕೈ ತಾಗಿ ಗೇರ್ ಬೀಳುವುದೂ ಉಂಟು. ಈ ಒಂದು ಮಾತಿನಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ. ನೀರಿನಲ್ಲಿರುವವರು ಮುಂಭಾಗದಿಂದಲೋ ಪಕ್ಕದಿಂದಲೋ ಹತ್ತಲಿ, ಎಂಜಿನ್ ಕಡೆಯಿಂದ ಬೇಡ.

ಗುಂಡಿ ಒತ್ತಿದರೂ ನಿಲ್ಲದಿದ್ದರೆ ಕೆಂಪು ದಾರ ಎಳೆಯಿರಿ. ಅದಕ್ಕೂ ನಿಲ್ಲದಿದ್ದರೆ ಗಾಬರಿ ಬೇಡ, ಗೇರ್ ನ್ಯೂಟ್ರಲ್‌ನಲ್ಲಿ ಇರಲಿ. ಚೋಕ್ ಇರುವ ಎಂಜಿನ್ ಆದರೆ ಚೋಕ್ ಪೂರ್ತಿ ಎಳೆಯಿರಿ, ಉಸಿರು ಕಟ್ಟಿ ನಿಲ್ಲುತ್ತದೆ. ಇಲ್ಲದಿದ್ದರೆ ಪೆಟ್ರೋಲ್ ಪೈಪ್ ಕಳಚಿ ಕಾಯಿರಿ, ಒಳಗಿರುವುದು ಮುಗಿದ ಮೇಲೆ ನಿಲ್ಲುತ್ತದೆ. ಪ್ಲಗ್ಗಿನ ತಂತಿಗೆ ಕೈ ಹಾಕಬೇಡಿ, ಒದ್ದೆ ದೋಣಿಯಲ್ಲಿ ಜೋರು ಶಾಕ್ ಹೊಡೆಯುತ್ತದೆ.

ನಡುನೀರಿನಲ್ಲಿ ಫ್ಯಾನಿಗೆ ಬಲೆ ಸಿಕ್ಕಿದರೂ ಇದೇ ಕ್ರಮ: ಆಫ್, ಕ್ಲಿಪ್ ಜೇಬಿಗೆ, ಎಂಜಿನ್ ಎತ್ತಿ ಲಾಕ್, ಆಮೇಲೆ ಚಾಕು. ಸಾಲಾಗಿ ತೇಲುವ ಪ್ಲಾಸ್ಟಿಕ್ ಬಾಟಲಿ ಕಂಡರೆ ಕೆಳಗೆ ಬಲೆ ಇದೆ ಎಂದು ತಿಳಿಯಿರಿ, ಸುತ್ತು ಹಾಕಿ ಹೋಗಿ. ಅದು ಯಾರದ್ದೋ ಹೊಟ್ಟೆಪಾಡು. ಕತ್ತರಿಸಲೇಬೇಕಾಗಿ ಬಂದರೆ ದಡದಲ್ಲಿ ವಿಚಾರಿಸಿ ಅವರಿಗೆ ಹೇಳಿ.

ಮನೆಗೆ ಹೋಗುವ ಮೊದಲು

ಪೈಪ್ ಕಳಚಿ, ಗಾಳಿ ತಿರುಪು ಮುಚ್ಚಿ. ಎಂಜಿನ್ ಸ್ವಲ್ಪ ಹೊತ್ತು ನೇರವಾಗಿ ನಿಂತರೆ ಒಳಗಿನ ನೀರು ಇಳಿಯುತ್ತದೆ. ನಮ್ಮದು ಸಿಹಿನೀರು, ಉಪ್ಪಿನ ಕಾಟ ಇಲ್ಲ. ಆದರೆ ಕೆಂಪು ನೀರಿನ ದಿನಗಳಲ್ಲಿ ಓಡಿದ್ದರೆ ಡ್ರಮ್ಮಿನ ತಿಳಿನೀರಿನಲ್ಲಿ 5 ನಿಮಿಷ ಓಡಿಸಿ ತೊಳೆಯಿರಿ, ಮಣ್ಣು ಒಳಗೆ ಗಟ್ಟಿಯಾಗುತ್ತದೆ. ಒಂದೆರಡು ವಾರ ಓಡಿಸುವುದಿಲ್ಲ ಅಂದರೆ ಕಾರ್ಬ್ಯುರೇಟರ್‌ನ ಕೆಳಗಿನ ತಿರುಪು ಬಿಚ್ಚಿ ಪೆಟ್ರೋಲ್ ಒಂದು ಡಬ್ಬಿಗೆ ಇಳಿಸಿ. ಅಲ್ಲೇ ಬಿಟ್ಟರೆ ಅಂಟಾಗಿ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ ಮಲಗಿಸುವಾಗ ಯಾವ ಬದಿ ಕೆಳಗೆ ಬರಬೇಕು ಅಂತ ಎಂಜಿನ್ ಮೇಲೇ ಗುರುತು ಇರುತ್ತದೆ, ಅದನ್ನು ಮೀರಿದರೆ ಆಯಿಲ್ ಸಿಲಿಂಡರ್‌ಗೆ ಇಳಿಯುತ್ತದೆ. ವರ್ಷಕ್ಕೊಮ್ಮೆ ಇಂಪೆಲ್ಲರ್ ತೋರಿಸಿ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಒಳಗೆ ಬಂದಿದೆ ಎಂದು ಅರ್ಥ.

ಕೆಂಪು ದಾರವನ್ನು ಎಂಜಿನ್‌ನಲ್ಲೇ ಬಿಟ್ಟು ಬರಬೇಡಿ. ದಡದಲ್ಲಿ ಕಟ್ಟಿದ ದೋಣಿಗೆ ಸಂಜೆ ಮಕ್ಕಳು ಹತ್ತಿ ಆಡುತ್ತಾರೆ, ಅವರ ಕೈಗೆ ಮೊದಲು ಸಿಗುವುದು ಎಳೆಯುವ ಹಗ್ಗ. ಕ್ಲಿಪ್ ಇಲ್ಲದಿದ್ದರೆ ಎಷ್ಟು ಎಳೆದರೂ ಅದು ಹತ್ತುವುದಿಲ್ಲ. ನಮ್ಮ ಮನೆಯಲ್ಲಿ ಅದು ಬಾಗಿಲ ಪಕ್ಕದ ಮೊಳೆಗೆ ತೂಗಿರುತ್ತದೆ. ಬೆಳಗ್ಗೆ ಹೊರಡುವಾಗ ಭಾವಮೈದ ಅದನ್ನು ಅಲ್ಲಿಂದಲೇ ಕೈಗೆ ಹಾಕಿಕೊಂಡು ಹೋಗುತ್ತಾನೆ.